ನಂಬರ್ ಹೇಳ್ರಿ

ಕಬ್ಬಿನ ಹಂಗಾಮಿನಲ್ಲಿ ಚಿಕ್ಕೋಡಿಯಿಂದ ರಾಯಬಾಗಕ್ಕೋ, ಅಥಣಿಯಿಂದ ಕಾಗವಾಡಕ್ಕೋ ಬಸ್ಸಿನಲ್ಲಿ ಹೋಗಿದ್ದರೆ ಈ ದೃಶ್ಯ ನಿಮಗೆ ಗೊತ್ತಿರುತ್ತೆ. ಮುಂದೆ ಒಂದು ಟ್ರ್ಯಾಕ್ಟರ್, ಅದರ ಬೆನ್ನಿಗೆ ಜೋಡಿ ಟ್ರೇಲರ್, ಮೇಲೆ ಆಕಾಶ ಮುಟ್ಟೋ ಹಾಗೆ ಕಬ್ಬು. ಓವರ್‌ಟೇಕ್ ಮಾಡೋಕೆ ಜಾಗ ಇಲ್ಲ. ಅರ್ಧ ತಾಸು ನಿಮ್ಮ ಕಣ್ಣಿಗೆ ಬೀಳೋದು ಟ್ರೇಲರಿನ ಹಿಂದಿನ ಫಲಕ ಮಾತ್ರ. ಅದರ ಮೇಲೆ ಮನೆದೇವರ ಹೆಸರು, ಮಕ್ಕಳ ಹೆಸರು, ಊರಿನ ಹೆಸರು. ಕೆಳಗೆ ಕೆಂಪು ಪೇಂಟಿನಲ್ಲಿ ಹತ್ತು ಅಂಕಿಯ ಮೊಬೈಲ್ ನಂಬರ್.

ಬೆಂಗಳೂರಿನ ಆಫೀಸಿನಲ್ಲಿ ಡೇಟಾ ಪ್ರೈವಸಿ ಟ್ರೇನಿಂಗ್ ಮುಗಿಸಿ, ಅದೇ ರಾತ್ರಿ ಬಸ್ಸು ಹತ್ತಿ ಊರಿಗೆ ಬಂದಾಗ ನಾನು ಇದನ್ನ ನೋಡಿದೆ. ಟ್ರೇನಿಂಗ್‌ನಲ್ಲಿ ಹೇಳಿಕೊಟ್ಟಿದ್ರು: ಹೆಸರು, ಊರು, ಮನೆಯವರ ಹೆಸರು, ಫೋನ್ ನಂಬರ್ ಎಲ್ಲಾ ಒಂದೇ ಕಡೆ ಹೊರಗೆ ಬಿದ್ದರೆ ಅದು ಗಂಭೀರ ಸೋರಿಕೆ. ಇಲ್ಲಿ ನೋಡಿದ್ರೆ ಆ ಗಂಭೀರ ಸೋರಿಕೆ ಗಂಟೆಗೆ ಹದಿನೈದು ಕಿಲೋಮೀಟರ್ ಸ್ಪೀಡಲ್ಲಿ ಸಕ್ಕರೆ ಫ್ಯಾಕ್ಟರಿಗೆ ಹೊಂಟಿತ್ತು.

ನಕ್ಕೆ. ಆಮೇಲೆ ಅನ್ನಿಸ್ತು, ಟ್ರೇಲರ್ ಮಾಲೀಕ ದಡ್ಡನಲ್ಲ. ಅವನಿಗೆ ಬಾಡಿಗೆ ಬೇಕು. ನಂಬರ್ ಬಚ್ಚಿಟ್ಟರೆ ಅಂಗಡಿ ಬಾಗಿಲು ಹಾಕಿಕೊಂಡು ವ್ಯಾಪಾರಕ್ಕೆ ಕೂತ ಹಾಗೆ. ನಮ್ಮ ಕಡೆ ಫೋನ್ ನಂಬರ್ ಅನ್ನೋದು ಬಂದಿದ್ದೇ ನಾಲ್ಕು ಜನಕ್ಕೆ ಹೇಳೋಕೆ. ಹಾಗಾದ್ರೆ ಅದು ಬಚ್ಚಿಡೋ ವಸ್ತು ಆಗಿದ್ದು ಯಾವಾಗ?

ನನ್ನ ಬಾಲ್ಯದ ಲಗ್ನಪತ್ರಿಕೆಗಳಲ್ಲಿ 'ಪಿ.ಪಿ. ನಂಬರ್' ಅಂತ ಒಂದು ಇರ್ತಿತ್ತು. ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಸ್ವಂತ ಫೋನ್ ಇಲ್ಲದವರು ಪಕ್ಕದ ಮನೆಯದ್ದೋ ಕಿರಾಣಿ ಅಂಗಡಿಯದ್ದೋ ನಂಬರ್ ಕೊಡೋದು, ಮುಂದೆ ಪಿ.ಪಿ. ಅಂತ ಬರೆಯೋದು. ಫೋನ್ ಬಂದ್ರೆ ಅಂಗಡಿಯವರು ಒಬ್ಬ ಹುಡುಗನ್ನ ಓಡಿಸ್ತಿದ್ರು. "ಏ, ನಿಮ್ಮಪ್ಪಗ ಹೇಳು, ನಿಪ್ಪಾಣಿಂದ ಫೋನ್ ಬಂದೈತಿ, ಹತ್ತ ಮಿನಿಟ್ ಬಿಟ್ಟ ಮತ್ತ ಮಾಡ್ತಾರಂತ." ಅಪ್ಪ ಅಂಗಡಿ ಮುಟ್ಟೋದ್ರೊಳಗೆ ತಂಬಾಕಿನ ರೇಟು ಏರಿದೆಯೋ ಇಳಿದಿದೆಯೋ ಅಂತ ಇಡೀ ಓಣಿಯಲ್ಲಿ ಚರ್ಚೆ ಮುಗಿದಿರ್ತಿತ್ತು.

ಗುಟ್ಟು ಅನ್ನೋದು ಆಗಲೂ ಇರಲಿಲ್ಲ. ಟ್ರಂಕ್ ಕಾಲ್ ಬುಕ್ ಮಾಡಿ ಕಾಯ್ತಿದ್ದ ಕಾಲದಲ್ಲಿ ಎಕ್ಸ್‌ಚೇಂಜಿನ ಆಪರೇಟರ್‌ಗೆ ಯಾರು ಯಾರಿಗೆ ಮಾಡ್ತಾರೆ ಅನ್ನೋದು ಗೊತ್ತಿರ್ತಿತ್ತು. ಬ್ರಿಟಿಷರು ಮಾಡಿದ 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿ ಸಂದೇಶವನ್ನ ಅಕ್ರಮವಾಗಿ ಬಯಲು ಮಾಡಿದ ನೌಕರನಿಗೆ ಮೂರು ವರ್ಷದವರೆಗೆ ಜೈಲು ಅಂತ ಇತ್ತು. ಅಂದ್ರೆ ಕಾನೂನು ಕಾಯ್ತಿದ್ದದ್ದು ಮಾತನ್ನ. ನಂಬರನ್ನ ಸರ್ಕಾರವೇ ಅಚ್ಚು ಹಾಕಿಸಿ ಹಂಚ್ತಿತ್ತು. ಡೈರೆಕ್ಟರಿಯಲ್ಲಿ ಹೆಸರು, ವಿಳಾಸ, ನಂಬರ್ ಸಾಲಾಗಿ ಇರ್ತಿದ್ವು. ಅದರಲ್ಲಿ ಹೆಸರು ಬಂದವರು ಊರಲ್ಲಿ ದೊಡ್ಡ ಮನುಷ್ಯರು.

ಹಳ್ಳಿಗೆ ಫೋನ್ ಬಂದ ಕಥೆಯಲ್ಲಿ ನಮ್ಮ ಜಿಲ್ಲೆಗೆ ಒಂದು ವಿಶೇಷ ಜಾಗ ಇದೆ. 1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಸಂಸ್ಥೆ ಶುರು ಮಾಡಿತು. ಸ್ಯಾಮ್ ಪಿತ್ರೋಡಾ ಮತ್ತು ಅವರ ಜೊತೆಯ ಎಂಜಿನಿಯರುಗಳಿಗೆ ಕೊಟ್ಟಿದ್ದು 36 ತಿಂಗಳು, 36 ಕೋಟಿ ರೂಪಾಯಿ. ಅವರು ಮಾಡಿದ ಮೊದಲ ಹಳ್ಳಿ ಎಕ್ಸ್‌ಚೇಂಜ್ 1986ರಲ್ಲಿ ಕೆಲಸ ಶುರು ಮಾಡಿದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಹೌದು, ರಾಣಿ ಚೆನ್ನಮ್ಮನ ಕಿತ್ತೂರು. ವಿದೇಶದ ಎಕ್ಸ್‌ಚೇಂಜುಗಳಿಗೆ ಎ.ಸಿ. ರೂಮು ಬೇಕಿತ್ತು. ಇದು ನಮ್ಮ ಬಿಸಿಲು, ಧೂಳು ತಡೆದುಕೊಂಡು ಎ.ಸಿ. ಇಲ್ಲದೇ ನಡೀತಿತ್ತು. ಆಮೇಲಿನ ಹತ್ತು ವರ್ಷದಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಪ್ರತಿ ಬಸ್ ಸ್ಟ್ಯಾಂಡಿಗೂ ಬಂದ್ವು.

ಆ ಕಾಲದ ನಂಬರನ್ನ ಈಗ ಎಂಜಿನಿಯರ್ ಕಣ್ಣಿಂದ ನೋಡಿದ್ರೆ, ಯಾರೂ ಬೇಕಂತ ಹಾಕದೇ ಅದಕ್ಕೆ ಮೂರು ಬೀಗ ಬಿದ್ದಿದ್ವು.

ಮೊದಲನೇದು ದುಡ್ಡು. ಫೋನ್ ಮಾಡೋಕೆ ಖರ್ಚು ಆಗ್ತಿತ್ತು. ಬೂತಿನ ಮೀಟರಿನಲ್ಲಿ ಕೆಂಪು ಅಂಕಿ ಓಡೋದನ್ನ ನೋಡ್ತಾ ಮಾತಾಡಿದವರಿಗೆ ಗೊತ್ತು, ಸುಮ್ನೆ ಯಾರೂ ಯಾರಿಗೂ ಮಾಡ್ತಿರಲಿಲ್ಲ. ಎರಡನೇದು ಜಾಗ. ನಂಬರ್ ಮನುಷ್ಯನದ್ದಾಗಿರಲಿಲ್ಲ, ಮನೆಯದ್ದಾಗಿತ್ತು. 08338 ಅಂದ್ರೆ ಚಿಕ್ಕೋಡಿ–ನಿಪ್ಪಾಣಿ ಕಡೆ, 08331 ರಾಯಬಾಗ, 08289 ಅಥಣಿ. ರಿಂಗ್ ಆಗೋದು ಪಡಸಾಲೆಯಲ್ಲಿ, ಎತ್ತೋದು ಮನೆಯ ಹಿರಿಯರು. ಮೂರನೇದು ಮುಖ. ನಿಮ್ಮ ಮಾತು ಸೋರಿದ್ರೆ ಯಾರಿಂದ ಸೋರಿತು ಅಂತ ಗೊತ್ತಾಗ್ತಿತ್ತು. ಆಪರೇಟರ್ ಇಲ್ಲಾ ಅಂಗಡಿಯವ. ಹೋಗಿ ಜಗಳ ಮಾಡಬಹುದಿತ್ತು.

ಮುಂದಿನ ಮೂವತ್ತು ವರ್ಷದಲ್ಲಿ ಈ ಮೂರೂ ಬೀಗ ಒಂದೊಂದಾಗಿ ಕಳಚಿ ಬಿದ್ದ್ವು. ಪ್ರತಿ ಸಲ ಬೀಗ ಬಿದ್ದಾಗಲೂ ನಾವು ಖುಷಿಪಟ್ಟಿದ್ವಿ. ಖುಷಿಪಡೋ ಸಂಗತಿಗಳೇ ಅವು.

1995ರ ಜುಲೈ 31ರಂದು ಕಲ್ಕತ್ತಾದಿಂದ ಜ್ಯೋತಿ ಬಸು ದೆಹಲಿಯಲ್ಲಿದ್ದ ಸಚಿವ ಸುಖರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದ್ರು. ಆಗ ನಿಮಿಷಕ್ಕೆ ಹೆಚ್ಚುಕಮ್ಮಿ 16 ರೂಪಾಯಿವರೆಗೂ ದರ ಇತ್ತು. ಬರೋ ಕರೆಗೂ ದುಡ್ಡು ಕೊಡಬೇಕಿತ್ತು. ಅದಕ್ಕೇ ಮೊಬೈಲ್ ಇದ್ದವರು ನಂಬರನ್ನ ಯಾರಿಗೂ ಸುಲಭಕ್ಕೆ ಕೊಡ್ತಿರಲಿಲ್ಲ. ಪ್ರೈವಸಿ ಅಂತಲ್ಲ, ಬಿಲ್ಲಿನ ಹೆದರಿಕೆ. 2003ರಲ್ಲಿ ಕರೆ ಮಾಡುವವರೇ ದುಡ್ಡು ಕೊಡೋ ಪದ್ಧತಿ ಬಂತು, ಒಳಬರುವ ಕರೆ ಉಚಿತ ಆಯ್ತು. ಅವತ್ತಿಂದ ನಂಬರ್ ಹಂಚೋಕೆ ಯಾವ ಅಡ್ಡಿಯೂ ಉಳಿಯಲಿಲ್ಲ. 2009ರಲ್ಲಿ ಸೆಕೆಂಡಿಗೆ ಒಂದು ಪೈಸೆ ಬಂತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಮಾತಿಗೆ ಬೇರೆ ಬೆಲೆಯೇ ಇಲ್ಲ. ಕರೆ ಮಾಡೋಕೆ ಖರ್ಚಿಲ್ಲ ಅಂದ್ರೆ ಸಾವಿರ ಜನಕ್ಕೆ ಮಾಡೋಕೂ ಖರ್ಚಿಲ್ಲ. ಸಾಲ ಬೇಕಾ, ಪ್ಲಾಟ್ ಬೇಕಾ ಅಂತ ಮೀಟಿಂಗ್ ನಡುವೆ ಬರೋ ಕರೆಯ ಲೆಕ್ಕಾಚಾರ ಇಷ್ಟೇ. ಸಾವಿರದಲ್ಲಿ ಒಬ್ಬ ಹೂಂ ಅಂದ್ರೂ ಅವರಿಗೆ ಲಾಭ.

ಎರಡನೇ ಬೀಗ, ಜಾಗ. ನಮ್ಮ ಗಡಿ ಭಾಗದವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಟೆಲಿಕಾಂ ಲೆಕ್ಕದಲ್ಲಿ ಕರ್ನಾಟಕ ಒಂದು ಸರ್ಕಲ್, ಮಹಾರಾಷ್ಟ್ರ ಇನ್ನೊಂದು. ಕಾಗವಾಡದಿಂದ ಮಿರಜಿನ ದವಾಖಾನೆಗೆ ಹೊರಟ್ರೆ, ನಿಪ್ಪಾಣಿಯಿಂದ ಕಾಗಲ್ ಕಡೆ ಹೊರಟ್ರೆ, ಪೇಶಂಟ್ ಇಳಿಯೋದಕ್ಕಿಂತ ಮೊದಲು ರೋಮಿಂಗ್ ಮೆಸೇಜ್ ಬರ್ತಿತ್ತು. ಅದಕ್ಕೆ ನಮ್ಮವರು ಎರಡು ಸಿಮ್ ಇಟ್ಟುಕೊಂಡ್ರು, ಒಂದು ಈ ಕಡೆದು, ಒಂದು ಆ ಕಡೆದು. 2011ರ ಜನವರಿಯಲ್ಲಿ ದೇಶಾದ್ಯಂತ ನಂಬರ್ ಪೋರ್ಟಬಿಲಿಟಿ ಬಂತು, ಕಂಪನಿ ಬದಲಾಯಿಸಿದ್ರೂ ನಂಬರ್ ಅದೇ. 2015ರ ಜುಲೈನಿಂದ ರಾಜ್ಯ ಬದಲಾದ್ರೂ ನಂಬರ್ ಅದೇ. ಮನೆಗೆ ಅಂಟಿಕೊಂಡಿದ್ದ ನಂಬರ್ ಮೈಗೆ ಅಂಟಿಕೊಂಡಿತು.

ಮೂರನೇ ಬೀಗ ನನ್ನ ಮನೆಯಲ್ಲೇ ಮುರೀತು.

2008. ನಾನು ಬಿ.ಇ. ಓದ್ತಿದ್ದೆ. ತಂಗಿ ಪಿಯುಸಿ. ದಿನಾ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಬರಬೇಕಿತ್ತು ಅಂತ ಅಪ್ಪ ಅವಳಿಗೊಂದು ಸಣ್ಣ ಫೋನ್ ಕೊಡಿಸಿದ್ರು. ಹತ್ತು ರೂಪಾಯಿ ಈಸಿ ರೀಚಾರ್ಜ್ ಮಾಡಿಸ್ತಿದ್ದದ್ದು ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಅಂಗಡಿಯಲ್ಲಿ. ಅಲ್ಲಿ ದಾರ ಕಟ್ಟಿದ ಒಂದು ನೋಟ್‌ಬುಕ್ ಇರ್ತಿತ್ತು. ನಂಬರ್ ಬರೀರಿ, ದುಡ್ಡು ಇಡ್ರಿ, ಹೋಗ್ರಿ. ನಿಮ್ಮ ಹಿಂದೆ ನಿಂತವರಿಗೂ ನಿಮ್ಮ ನಂಬರ್ ಕಾಣ್ತಿತ್ತು, ಮರುದಿನ ಬಂದವರಿಗೂ.

ಒಂದು ತಿಂಗಳಿಗೆ ಶುರು ಆಯ್ತು. ರಾತ್ರಿ ಹತ್ತರ ಮೇಲೆ ಮಿಸ್ಡ್ ಕಾಲ್. ಎತ್ತಿದ್ರೆ ಮಾತಿಲ್ಲ, ಉಸಿರು ಮಾತ್ರ. ಆಮೇಲೆ ಹೆಸರು ಹಿಡಿದು ಕರೆಯೋದು. ಆಮೇಲೆ ಮೆಸೇಜು. ಬೇರೆ ಬೇರೆ ನಂಬರಿನಿಂದ. ಅವಳು ಮೂರು ವಾರ ಯಾರಿಗೂ ಹೇಳಲಿಲ್ಲ. ಹೇಳಿದ ದಿನ ನಮ್ಮ ಮನೆಯಲ್ಲಿ ಏನಾಯ್ತು ಗೊತ್ತಾ? ಯಾರೂ ಆ ಅಂಗಡಿಗೆ ಹೋಗಲಿಲ್ಲ, ಪೊಲೀಸ್ ಸ್ಟೇಷನ್‌ಗೂ ಹೋಗಲಿಲ್ಲ. ಅವಳ ಫೋನ್ ತಗೊಂಡು ಬೀರುವಿನಲ್ಲಿ ಇಟ್ರು. "ನೀ ಯಾರಿಗಾರ ನಂಬರ್ ಕೊಟ್ಟಿರಬೇಕು" ಅಂದ್ರು. ನಾನು ಹಾಸ್ಟೆಲಿನಿಂದ ಫೋನಿನಲ್ಲಿ ಹೇಳಿದ್ದೂ ಅದನ್ನೇ. ಎರಡನೇ ವರ್ಷ ಅವಳು ಬಸ್ ತಪ್ಪಿ ಸ್ಟ್ಯಾಂಡಿನಲ್ಲಿ ಒಬ್ಬಳೇ ನಿಂತ ದಿನವೂ ಅವಳ ಕೈಯಲ್ಲಿ ಫೋನ್ ಇರಲಿಲ್ಲ.

ನೋಟ್‌ಬುಕ್ಕಿನಿಂದ ಸೋರಿತು ಅಂತ ನನ್ನ ಹತ್ತಿರ ಸಾಕ್ಷಿ ಇಲ್ಲ. ಅದೇ ಸಮಸ್ಯೆ. ಸೋರಿಕೆಗೆ ಮೊದಲು ಒಂದು ಮುಖ ಇತ್ತು, ಈಗ ಇರಲಿಲ್ಲ. ಮುಖ ಸಿಗದಿದ್ದಾಗ ಶಿಕ್ಷೆ ನಂಬರಿನ ಮಾಲೀಕಳಿಗೇ ಬಿತ್ತು.

ನಮ್ಮ ಮನೆಯೊಂದರದ್ದೇ ಕಥೆ ಅಲ್ಲ ಅಂತ ಗೊತ್ತಾಗಿದ್ದು ಬಹಳ ತಡವಾಗಿ. ಉತ್ತರ ಪ್ರದೇಶದಲ್ಲಿ ರೀಚಾರ್ಜ್ ಅಂಗಡಿಗಳಿಂದ ಹೆಣ್ಣುಮಕ್ಕಳ ನಂಬರ್ ಮಾರಾಟ ಆಗ್ತಿದೆ ಅಂತ 2017ರಲ್ಲಿ ಪತ್ರಿಕೆಗಳಲ್ಲಿ ಸುದ್ದಿ ಬಂತು. ನಂಬರ್ ಹೇಳದೇ, ಫೋನಿಗೆ ಬಂದ ಒಂದು ಕೋಡ್ ಮಾತ್ರ ಹೇಳಿ ರೀಚಾರ್ಜ್ ಮಾಡಿಸೋ ವ್ಯವಸ್ಥೆಯನ್ನ ಆಮೇಲೆ ವೊಡಾಫೋನ್ ತಂದಿತು. ಓದಿದಾಗ ಅನ್ನಿಸ್ತು, ಎಷ್ಟು ಸಣ್ಣ ಉಪಾಯ! ಎರಡು ದಿನದ ಕೋಡಿಂಗ್.

ಸರ್ಕಾರ ಸುಮ್ನೆ ಕೂತಿರಲಿಲ್ಲ. 2005ರಲ್ಲಿ ಟೆಲಿಮಾರ್ಕೆಟಿಂಗ್ ಕಾಟದ ಬಗ್ಗೆ ಸುಪ್ರೀಂ ಕೋರ್ಟಿಗೆ ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯ್ತು. 2007ರಲ್ಲಿ ಟ್ರಾಯ್ ನಿಯಮ ಮಾಡಿತು, ಅಕ್ಟೋಬರ್‌ನಲ್ಲಿ 'ಕರೆ ಮಾಡಬೇಡಿ' ಪಟ್ಟಿ ಶುರು ಆಯ್ತು. 2011ರ ಸೆಪ್ಟೆಂಬರ್‌ನಿಂದ ಹೊಸ ನಿಯಮ, 1909ಕ್ಕೆ ಮೆಸೇಜ್ ಮಾಡೋ ಡಿಎನ್‌ಡಿ, ಟೆಲಿಮಾರ್ಕೆಟಿಂಗ್‌ನವರಿಗೆ 140ರ ಸರಣಿ. 2018ರಲ್ಲಿ ಮೂರನೇ ನಿಯಮ, ಬ್ಲಾಕ್‌ಚೈನ್ ಸಮೇತ. ಇದರಲ್ಲಿ ಒಂದು ದೊಡ್ಡ ಕಿಂಡಿ ಉಳಿದೇ ಇತ್ತು. ನಿಯಮ ಪಾಲಿಸೋದು ನೋಂದಾಯಿಸಿಕೊಂಡವರು. ಸಾಮಾನ್ಯ ಹತ್ತಂಕಿ ಸಿಮ್ ತಗೊಂಡು ಕರೆ ಮಾಡೋನಿಗೆ ಪಟ್ಟಿ ಯಾವ ಲೆಕ್ಕ? ನನ್ನ ತಂಗಿಗೆ ಉಸಿರು ಕೇಳಿಸಿದವನು ಯಾವ ಟೆಲಿಮಾರ್ಕೆಟರ್?

ಇದೆಲ್ಲದರ ನಡುವೆ ನಂಬರಿನ ಕೆಲಸವೇ ಬದಲಾಗಿಬಿಟ್ಟಿತು. ನನ್ನ ಪ್ರಕಾರ ಈ ಇತಿಹಾಸದಲ್ಲಿ ಮುಖ್ಯವಾದ ತಿರುವು ಇದೇ. ಮೊದಲು ನಂಬರ್ ಅಂದ್ರೆ ಮನೆಯ ವಿಳಾಸ ಇದ್ದ ಹಾಗೆ, ಗೊತ್ತಿದ್ದವರು ಬಾಗಿಲು ತಟ್ಟಬಹುದು, ಅಷ್ಟೇ. ಒಟಿಪಿ ಬಂತು, ವಾಟ್ಸಪ್ ಬಂತು, 2016ರ ನಂತರ ಯುಪಿಐ ಬಂತು. ಬ್ಯಾಂಕು, ಗ್ಯಾಸು, ರೇಷನ್, ಎಲ್ಲವೂ ಅದೇ ಹತ್ತು ಅಂಕಿಗೆ. ವಿಳಾಸ ಇದ್ದದ್ದು ಮನೆಯ ಕೀಲಿಕೈ ಆಯ್ತು. ಆದ್ರೆ ನಮ್ಮ ರೂಢಿ ಬದಲಾಗಲಿಲ್ಲ. ವಿಳಾಸ ಹೇಳೋ ಹಾಗೆಯೇ ಕೀಲಿಕೈಯನ್ನೂ ಕೂಗಿ ಹೇಳ್ತಾ ಇದ್ದೀವಿ. ಟ್ರೇಲರಿನ ಮೇಲೆ ಇರೋ ನಂಬರಿಗೂ ಬ್ಯಾಂಕಿನಲ್ಲಿರೋ ನಂಬರಿಗೂ ವ್ಯತ್ಯಾಸ ಇಲ್ಲದಿರೋದೇ ತೊಂದರೆ.

2017ರ ಮಾರ್ಚ್‌ನಲ್ಲಿ ಎಲ್ಲಾ ಸಿಮ್ಮಿಗೂ ಆಧಾರ್ ಜೋಡಿಸಿ ಅಂತ ದೂರಸಂಪರ್ಕ ಇಲಾಖೆ ಹೇಳಿತು. ಅದೇ ವರ್ಷ ಆಗಸ್ಟ್ 24ಕ್ಕೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತು. ಆ ಕೇಸಿನ ಹೆಸರಿನಲ್ಲಿರೋದು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. 2018ರ ಸೆಪ್ಟೆಂಬರ್‌ನಲ್ಲಿ ಮೊಬೈಲಿಗೆ ಆಧಾರ್ ಕಡ್ಡಾಯ ಅಲ್ಲ ಅಂತಲೂ ಕೋರ್ಟ್ ಹೇಳಿತು.

ಹಕ್ಕು ಬಂತು, ಸೋರಿಕೆ ನಿಲ್ಲಲಿಲ್ಲ. 2020ರ ನವೆಂಬರ್‌ನಲ್ಲಿ ಬೆಂಗಳೂರಿನದ್ದೇ ಆದ ಬಿಗ್‌ಬಾಸ್ಕೆಟ್‌ನ ಸುಮಾರು 2 ಕೋಟಿ ಗ್ರಾಹಕರ ಮಾಹಿತಿ, ಫೋನ್ ನಂಬರ್ ಸಮೇತ, ಮಾರಾಟಕ್ಕಿದೆ ಅಂತ ಸುದ್ದಿಯಾಯ್ತು. ಕಂಪನಿ ಸೈಬರ್ ಪೊಲೀಸರಿಗೆ ದೂರು ಕೊಟ್ಟಿತು. 2021ರ ಏಪ್ರಿಲ್‌ನಲ್ಲಿ ಫೇಸ್‌ಬುಕ್‌ನ 53 ಕೋಟಿ ಬಳಕೆದಾರರ ನಂಬರ್‌ಗಳು ಬಯಲಾದ್ವು, ಅದರಲ್ಲಿ ಭಾರತದವೇ ಸುಮಾರು 60 ಲಕ್ಷ. ದಾರ ಕಟ್ಟಿದ ನೋಟ್‌ಬುಕ್ಕು ಈಗ ಅಷ್ಟು ದೊಡ್ಡದಾಗಿತ್ತು.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹಿಂದಿನ ಒಂದು ಕಂಪನಿಯಲ್ಲಿ, ಶುಕ್ರವಾರ ಸಂಜೆ ಮ್ಯಾನೇಜರ್ ಒಂದು ಲಿಸ್ಟ್ ಕೇಳಿದ್ರು. ಡೇಟಾಬೇಸಿನಿಂದ ಗ್ರಾಹಕರ ಹೆಸರು, ಊರು, ನಂಬರ್ ತೆಗೆದು ಎಕ್ಸೆಲ್ ಮಾಡಿದೆ. ಪಾಸ್‌ವರ್ಡ್ ಇಲ್ಲ, ಒಂದಂಕಿಯೂ ಮುಚ್ಚಿರಲಿಲ್ಲ. ಮೇಲ್ ಮಾಡಿ ಸಿನಿಮಾಕ್ಕೆ ಹೋದೆ. ಆ ಫೈಲ್ ಮುಂದೆ ಯಾರ ಯಾರ ಲ್ಯಾಪ್‌ಟಾಪಿಗೆ ಹೋಯ್ತೋ ನಾನು ಒಂದು ಸಲವೂ ಕೇಳಲಿಲ್ಲ. ಆ ಸಾವಿರಾರು ಸಾಲಿನಲ್ಲಿ ನನ್ನ ತಂಗಿಯಂಥವರು ಎಷ್ಟು ಜನ ಇದ್ರೋ! ವರ್ಷಗಳ ಮೇಲೆ ಹೊಳೀತು, ಆ ಅಂಗಡಿಯವನಿಗೂ ನನಗೂ ಫರಕ್ ಇಷ್ಟೇ: ಅವನ ನೋಟ್‌ಬುಕ್ಕಿಗೆ ದಾರ ಆದ್ರೂ ಕಟ್ಟಿತ್ತು.

ಇದನ್ನ ಓದ್ತಿರೋ ನಿಮ್ಮಲ್ಲಿ ಬಹಳ ಜನ ನನ್ನ ಥರದ ಕುರ್ಚಿಯಲ್ಲೇ ಕೂತಿದ್ದೀರಿ. 2023ರ ಡಿಜಿಟಲ್ ಡೇಟಾ ರಕ್ಷಣಾ ಕಾಯ್ದೆ ಪ್ರಕಾರ ಮಾಹಿತಿ ಕಾಯದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಇದೆ. ದಂಡ ಬಿಡಿ. ಮುಂದಿನ ಸಲ ಲಿಸ್ಟ್ ಕೇಳಿದಾಗ "ನಂಬರ್ ಕಾಲಂ ಯಾಕೆ ಬೇಕು?" ಅಂತ ಒಂದು ಪ್ರಶ್ನೆ ಕೇಳಿ. ನಾನು ಈಗ ಕೇಳ್ತೀನಿ. ಹತ್ತರಲ್ಲಿ ಆರು ಸಲ ಬೇಕಾಗಿರೋದೇ ಇಲ್ಲ.

ಸ್ವಂತಕ್ಕೆ ಏನು ಮಾಡಬಹುದು? ಗಡಿಯ ಜನ ರೋಮಿಂಗ್ ಉಳಿಸೋಕೆ ಕಂಡುಕೊಂಡಿದ್ದ ಎರಡು ಸಿಮ್ ಉಪಾಯವೇ ಇವತ್ತಿಗೂ ಒಳ್ಳೆಯದು. ಒಂದು ಬ್ಯಾಂಕು, ಆಧಾರ್, ಮನೆಯವರಿಗೆ. ಇನ್ನೊಂದು ಅಂಗಡಿ, ಆ್ಯಪು, ಡೆಲಿವರಿ, ಟ್ರೇಲರಿಗೆ. ಸ್ಪ್ಯಾಮ್ ಬಂದ್ರೆ ಬ್ಲಾಕ್ ಮಾಡಿ ಸುಮ್ನಾಗಬೇಡಿ, ಟ್ರಾಯ್‌ನ ಡಿಎನ್‌ಡಿ ಆ್ಯಪಿನಲ್ಲಿ ಅಥವಾ 1909ಕ್ಕೆ ದೂರು ಹಾಕಿ. 2025ರ ತಿದ್ದುಪಡಿ ಪ್ರಕಾರ ಏಳು ದಿನದೊಳಗೆ ದೂರು ಕೊಡಬಹುದು, ಹತ್ತು ದಿನದಲ್ಲಿ ಐದು ದೂರು ಬಂದ್ರೆ ಆ ನಂಬರಿನ ಮೇಲೆ ಕ್ರಮ ತಗೋಬೇಕು. ಮೊದಲು ಏಳು ದಿನದಲ್ಲಿ ಹತ್ತು ದೂರು ಬೇಕಿತ್ತು. ಮೆಸೇಜ್ ಕಳಿಸಿದವರ ಹೆಸರಿನ ಕೊನೆಯಲ್ಲಿ ಪಿ ಅಕ್ಷರ ಇದ್ರೆ ಜಾಹೀರಾತು, ಜಿ ಇದ್ರೆ ಸರ್ಕಾರ. ಸಂಚಾರ್ ಸಾಥಿಯಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಿ, ನಿಮ್ಮದಲ್ಲದ್ದನ್ನ ತೆಗೆಸಿ. ನಂಬರ್ ಬಿಡೋದಾದ್ರೆ ಮೊದಲು ಬ್ಯಾಂಕು, ವಾಟ್ಸಪ್‌ನಿಂದ ಬಿಡಿಸಿ. ಬಿಟ್ಟ ನಂಬರ್ 90 ದಿನ ಕಳೆದ ಮೇಲೆ ಇನ್ನೊಬ್ಬರಿಗೆ ಹೋಗಬಹುದು. ದುಡ್ಡು ಹೋದ್ರೆ ತಕ್ಷಣ 1930.

ಊರಿಗೆ ಹೋದಾಗ ಅಪ್ಪ ಅಮ್ಮನ ಫೋನಿಗೂ ಅರ್ಧ ತಾಸು ಕೊಡಿ. 2025ರಲ್ಲಿ ನಮ್ಮದೇ ಜಿಲ್ಲೆಯಲ್ಲಿ 'ಡಿಜಿಟಲ್ ಅರೆಸ್ಟ್' ಬೆದರಿಕೆಗೆ ಸಿಕ್ಕ ವೃದ್ಧ ದಂಪತಿ ಪ್ರಾಣ ಕಳ್ಕೊಂಡ್ರು. ಹಾಗಂತ ಒಂದು ಅರೆಸ್ಟ್ ಯಾವ ಕಾನೂನಿನಲ್ಲೂ ಇಲ್ಲ. ಇದನ್ನ ಅವರಿಗೆ ಕನ್ನಡದಲ್ಲಿ, ಎದುರಿಗೆ ಕೂತು ಹೇಳಿ. ಫಾರ್ವರ್ಡ್ ಮಾಡಬೇಡಿ.

ಹೋದ ದೀಪಾವಳಿಗೆ ತಂಗಿ, ಅವಳ ಮಗಳು, ನಾನು ಬಟ್ಟೆ ಅಂಗಡಿಗೆ ಹೋಗಿದ್ವಿ. ತಂಗಿ ಈಗ ಅಥಣಿ ಕಡೆ ಟೀಚರ್. ಬಿಲ್ ಮಾಡೋ ಹುಡುಗ ತಲೆ ಎತ್ತದೇ, "ನಂಬರ್ ಹೇಳ್ರಿ" ಅಂದ. ಸೊಸೆಗೆ ಅಮ್ಮನ ನಂಬರ್ ಬಾಯಿಪಾಠ. "ಒಂಬತ್ತು..." ಅಂತ ಶುರು ಮಾಡಿಬಿಟ್ಲು. ತಂಗಿ ಮಗಳ ಭುಜದ ಮೇಲೆ ಕೈ ಇಟ್ಟು ಕೇಳಿದ್ಲು:

"ಯಾಕ ಬೇಕ್ರಿ ನಂಬರ್?"

"ಸಿಸ್ಟಮ್ ತಗೊಳ್ಳಂಗಿಲ್ಲರಿ ಮೇಡಮ್."

ನಾನು ಬಾಯಿ ಹಾಕೋಕೆ ರೆಡಿ ಆದೆ. ಬಿಲ್ಲಿಗೆ ನಂಬರ್ ಕೊಡಲೇಬೇಕು ಅಂತ ಗ್ರಾಹಕರನ್ನ ಒತ್ತಾಯ ಮಾಡಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇ ತಿಂಗಳಲ್ಲೇ ಹೇಳಿದೆ. ಅಷ್ಟರಲ್ಲಿ ತಂಗಿಯೇ ಅಂದ್ಲು, "ಹಂಗಾದ್ರ ಸಿಸ್ಟಮ್ಮಿಗೆ ನಿಮ್ಮ ನಂಬರ್ ಹಾಕ್ರಿ."

ಹುಡುಗ ಒಂದು ಕ್ಷಣ ನೋಡಿದ. ನಕ್ಕ. ಹತ್ತು ಸೊನ್ನೆ ಒತ್ತಿದ. ಬಿಲ್ ಬಂತು.

ದಾರಿಯಲ್ಲಿ ನಾನು 2008ರ ಮಾತು ತೆಗೆದೆ. ಅವತ್ತು ನಾನೂ ನಿನಗೇ ಬೈದಿದ್ದೆ, ತಪ್ಪಾಯ್ತು ಅಂದೆ. ಅವಳು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಮಗಳಿಗೆ ಹೇಳಿದ್ಲು, "ಯಾರರ ಕಾಡಿದ್ರ ಮೊದಲ ನನ್ ಮುಂದ ಹೇಳು. ನಿನ್ ಫೋನ್ ನಾ ಕಸಗೊಳ್ಳಂಗಿಲ್ಲ."